ದೊಡ್ಡಕ್ಕ ಮೊದಲೇ ಓದಿಕೊಳ್ಳದ ಕಥೆ

“ಈ ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಕೇಳಿದ ತಕ್ಷಣ ಕಥೆ ಕಟ್ಟಿಕೊಡುತ್ತೆ. ಆನೆ ಬೇಕಾ, ಆನೆ. ಇಲಿ ಬೇಕಾ, ಇಲಿ. ನಾನು ಪಾತ್ರೆ ತೊಳೀತಾ, ಬಟ್ಟೆ ಒಣಗಿಸ್ತಾ ಒಂದು ಕಥೆಗೆ ಎರಡು ದಿನ ಒದ್ದಾಡ್ತಿದ್ದೆ. ಆದರೆ ನಮ್ಮ ಚಾಪೆ ಮೇಲೆ ಯಾರು ಕೂತಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡ್ಲಿಲ್ಲ. ತಪ್ಪು ನನ್ನದು. ಅದನ್ನ ಹೇಳಿಯೇ ಪಾಠ ಶುರು ಮಾಡ್ತೀನಿ.”

ಪುಟ್ಟ ಮಕ್ಕಳಿಗೆ ಮಾತು ಕಲಿಸುವ ಟೀಚರುಗಳಿಗೆ ಕೃತಕ ಬುದ್ಧಿಮತ್ತೆಯ ಬಳಕೆ ಹೇಳಿಕೊಡಲು ನಿಂತ ದಿನ ದೊಡ್ಡಕ್ಕ ಆಡಿದ ಮೊದಲ ಮಾತಿದು. ಇಪ್ಪತ್ತಾರು ವರ್ಷ ಶಿಶುಶಾಲೆಯ ಚಾಪೆಯ ಮೇಲೆ ಮಂಡಿ ಸವೆಸಿದವಳು. ಕಥೆ ಹೇಳುವ ಮುನ್ನ ಹಾಜರಿ ಪುಸ್ತಕವನ್ನು ತೊಡೆಯ ಮೇಲಿಟ್ಟು, ಒಂದೊಂದು ಹೆಸರಿನ ಮೇಲೂ ಬೆರಳಾಡಿಸುತ್ತ ಕಥೆಯನ್ನು ಮನಸ್ಸಿನಲ್ಲೇ ಓದಿಕೊಳ್ಳುವುದು ಅವಳ ಪದ್ಧತಿ. ನಾಯಿ ಕಚ್ಚಿದ ಮಗುವಿದ್ದರೆ ಅಂದಿನ ಕಥೆಯ ನಾಯಿ ಬೆಕ್ಕಾಗುತ್ತಿತ್ತು.

ಕಂಪ್ಯೂಟರು ಬಂದ ಹೊಸತರಲ್ಲಿ ಒಂದು ದಿನ ಅದು ಕೊಟ್ಟ ಮೊಲದ ಕಥೆ ಮುತ್ತು ಪೋಣಿಸಿದಂತಿತ್ತು. ಬೆರಳಾಡಿಸುವ ಗೋಜಿಗೆ ಹೋಗದೆ ದೊಡ್ಡಕ್ಕ ಗಟ್ಟಿಯಾಗಿ ಓದುತ್ತ ಹೋದಳು. ಕೊನೆಗೆ ಅಮ್ಮ ಮೊಲ ಕಾಡಿನಿಂದ ಮರಳಿ ಬಂದು ಮರಿಯನ್ನು ತಬ್ಬಿಕೊಂಡಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಕಿಟಕಿಯ ಬಳಿ ಕೂತಿದ್ದ ಗುಬ್ಬಿ ಎಂಬ ಪುಟ್ಟ ಹುಡುಗಿ, “ನಮ್ಮಮ್ಮ ಯಾವಾಗ ಬರ್ತಾಳೆ?” ಎಂದಳು.

ಗುಬ್ಬಿಯ ತಾಯಿ ಸತ್ತು ನಾಲ್ಕು ತಿಂಗಳಾಗಿತ್ತು. ಮೂರು ತಿಂಗಳು ತುಟಿ ಬಿಚ್ಚದ ಮಗು ಆಗಷ್ಟೇ ಒಂದೆರಡು ಮಾತಾಡತೊಡಗಿತ್ತು. ದೊಡ್ಡಕ್ಕ ಪುಸ್ತಕ ಬದಿಗಿಟ್ಟು ಅವಳನ್ನು ತೊಡೆಗೆ ಎಳೆದುಕೊಂಡಳು. ಗುಬ್ಬಿ ಮತ್ತೆ ಮಾತು ಬಿಟ್ಟಳು.

ಸಂಜೆ ಕರೆದೊಯ್ಯಲು ಬಂದ ಗುಬ್ಬಿಯ ಅಜ್ಜಿ ಬೈಯಲಿಲ್ಲ. “ನಾವೂ ಮಗೂಗೆ ನಿಜ ಹೇಳಿಲ್ಲ ದೊಡ್ಡಕ್ಕ. ಊರಿಗೆ ಹೋಗಿದ್ದಾಳೆ ಅಂತ ತೇಲಿಸ್ಕೊಂಡು ಬಂದಿದ್ದೀವಿ. ಈಗ ಯಾವ ಮುಖ ಇಟ್ಕೊಂಡು ಹೇಳಲಿ?”

“ನನ್ನ ಮುಖಾನೂ ಜೊತೆಗಿರಲಿ, ನಡೀರಿ.”

ಇಬ್ಬರೂ ಗುಬ್ಬಿಯನ್ನು ಅವಳ ಮನೆಯ ಹೊಸ್ತಿಲಲ್ಲಿ ನಡುವೆ ಕೂರಿಸಿಕೊಂಡು, ಅಮ್ಮ ಸತ್ತುಹೋದಳು, ಇನ್ನು ಬರುವುದಿಲ್ಲ ಎಂದು ಹೇಳಿದರು. ಮಗು ಕೇಳಿಸಿಕೊಂಡಿತು, ಅಷ್ಟೆ. ಮರುದಿನದಿಂದ ದೊಡ್ಡಕ್ಕನ ಸೆರಗು ಹಿಡಿದೇ ಓಡಾಡಿತು. ಮಾತು ಮಾತ್ರ ಹೊರಡಲಿಲ್ಲ.

ಪಾಠದ ದಿನ ದೊಡ್ಡಕ್ಕ ತನ್ನ ಶಿಶುಶಾಲೆಯಲ್ಲೇ ಪ್ರತಿ ಕಂಪ್ಯೂಟರಿನ ಪಕ್ಕ ಆಯಾ ಟೀಚರ ತರಗತಿಯ ಹಾಜರಿ ಪುಸ್ತಕ ಇಡಿಸಿದಳು. ಚುರುಕು ಬಾಯಿಯ ಟೀಚರೊಬ್ಬಳು, “ಹೊಸ ವಿದ್ಯೆ ಅಂತ ಕರೆದು ಹಳೇ ಹಾಜರಿ ಕೂಗಿಸ್ತೀರಲ್ಲ” ಎಂದು ನಗೆಯಾಡಿದಳು.

“ಕೂಗಬೇಡ ತಾಯಿ. ಕಥೆ ಬಂದ ಮೇಲೆ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದು. ಎಲ್ಲಿ ಬೆರಳು ನಿಲ್ಲುತ್ತೋ ಅಲ್ಲಿ ಕಥೆ ತಿದ್ದು.”

ಸ್ವಲ್ಪ ಹೊತ್ತಿಗೆ ಆ ಟೀಚರ ಬೆರಳೇ ಒಂದು ಹೆಸರಿನ ಮೇಲೆ ನಿಂತಿತು. ಅವಳ ನಗೆ ಇಳಿಯಿತು.

ಎಲ್ಲರೂ ಹೋದ ಮೇಲೆ ದೊಡ್ಡಕ್ಕ ಮಕ್ಕಳ ಹಾಲಿನ ಲೋಟ ತೊಳೆಯಲು ನಿಂತಳು. ಅಜ್ಜಿಗಾಗಿ ಕಾಯುತ್ತಿದ್ದ ಗುಬ್ಬಿ ಅವನ್ನು ಒಂದೊಂದಾಗಿ ಹಲಗೆಯ ಮೇಲೆ ಬೋರಲು ಹಾಕುತ್ತಿದ್ದಳು. ಒಂದನ್ನು ತಿರುಗಿಸಿ ನೋಡಿ ಹಿಂದಕ್ಕೆ ಚಾಚಿದಳು.

“ಇದ್ರಲ್ಲಿ ಇನ್ನೂ ಹಾಲಿದೆ.”

ದೊಡ್ಡಕ್ಕ ಲೋಟವನ್ನು ಇಸಿದುಕೊಂಡು, ನಲ್ಲಿ ಬಿಟ್ಟು, ಇನ್ನೊಮ್ಮೆ ತಿಕ್ಕತೊಡಗಿದಳು.