ಕಣಿವೆ ಕಾಯುತ್ತಿದ್ದವಳಿಗೆ ಇಟ್ಟ ವಿಷ

ಚಿನ್ನಮನೂರಿನ ಅಕ್ಕನ ಮನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ಕು ಜನ ಆಟಕ್ಕೆ ಕೂರುತ್ತೇವೆ. ಅಕ್ಕ ಎಂದರೆ ನನ್ನ ದೊಡ್ಡಪ್ಪನ ಮಗಳು. ಕೊಡೈಕಾನಲ್‌ನ ಒಂದು ಶಾಲೆಯಲ್ಲಿ ಟೀಚರಾಗಿದ್ದಾಗ ಅಲ್ಲಿಯ ಹಾಸ್ಟೆಲ್ ಮಕ್ಕಳಿಂದ ಈ ಆಟ ಕಲಿತಳು. ದೊಡ್ಡಮ್ಮ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಕೆಳಗೆ ಬಂದವಳು, ದೊಡ್ಡಮ್ಮ ತೀರಿಕೊಂಡ ಮೇಲೂ ಮತ್ತೆ ಬೆಟ್ಟ ಹತ್ತಲಿಲ್ಲ. ಆಟ ಶುರುವಾದದ್ದು ಆ ವರ್ಷವೇ.

ಆಟದಲ್ಲಿ ಒಬ್ಬರು ಕಥೆ ಹೇಳುತ್ತಾರೆ. ಮಿಕ್ಕವರು ಕಥೆಯೊಳಗಿನ ಒಬ್ಬೊಬ್ಬರಾಗಿ, ಏನು ಮಾಡುತ್ತೇವೆಂದು ಹೇಳುತ್ತಾ ಹೋಗುತ್ತಾರೆ. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ಹೇಳುವವಳು ಅಕ್ಕ. ನಾನು ಬೇಟೆಗಾರ. ಮಾರ್ಕಯನ್‌ಕೋಟ್ಟೈನಲ್ಲಿ ಬಾಳೆ ವ್ಯಾಪಾರ ಮಾಡುವ ನನ್ನ ಗೆಳೆಯ ಸಿಪಾಯಿ. ಅವನ ಹೆಂಡತಿ ಬೇರು ನಾರು ಬಲ್ಲ ವೈದ್ಯೆ. ಅವರಿಬ್ಬರೂ ತಮಿಳರಾದ್ದರಿಂದ ಆಟ ನಡೆಯುವುದು ತಮಿಳಿನಲ್ಲೇ.

ನಮ್ಮ ಮನೆಮಾತು ಕನ್ನಡ, ಅಲ್ಲಲ್ಲಿ ತಮಿಳು ಬೆರೆತದ್ದು. ಎಷ್ಟು ತಲೆಮಾರಿನ ಹಿಂದೆ ಈ ತಮಿಳು ಸೀಮೆಗೆ ಬಂದೆವೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಅದು ಪೂರ್ತಿ ಅರ್ಥವಾಗುತ್ತದೆ, ಆ ದಿನಗಳಲ್ಲಿ ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅನ್ನುವುದಕ್ಕಿಂತ, ಬರಿಸಿಕೊಳ್ಳಲಿಲ್ಲ. ಹೈಸ್ಕೂಲಿನ ಐದು ವರ್ಷ ಮಧ್ಯಾಹ್ನದ ಊಟ ಮಾಡಿದ್ದು ದೊಡ್ಡಮ್ಮನ ಮನೆಯಲ್ಲಿ. ಅವಳು ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಜೊತೆಗೆ ಬರುತ್ತಿದ್ದ ಹುಡುಗರು ಆ ಮಾತು ಕೇಳಿ ನಗುತ್ತಿದ್ದರು, ಅದಕ್ಕೆ.

ಒಂದು ಸಲ ಕಥೆ ಒಂದು ಕಣಿವೆಯ ಬಾಯಿಗೆ ಬಂದು ನಿಂತಿತು. ಅಲ್ಲೊಬ್ಬಳು ರಾಕ್ಷಸಿ ಕಾವಲು. ಹುಣಸೆಮರದಷ್ಟು ಎತ್ತರ, ಕೈಯಲ್ಲಿ ಒನಕೆ. ಮೊದಲ ಭಾನುವಾರ ಗೆಳೆಯ ಕತ್ತಿ ಎತ್ತಿಕೊಂಡು ನುಗ್ಗಿದ, ಅವಳು ಒಂದೇ ಏಟಿಗೆ ಅವನನ್ನು ಹೊಳೆಗೆ ಎಸೆದಳು. ಎರಡನೆಯ ಭಾನುವಾರ ನನ್ನ ಬಾಣಗಳೆಲ್ಲ ಮುಗಿದವು, ಅವಳ ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಎರಡು ಸಲವೂ ಅವಳು ನಮ್ಮನ್ನು ಕೊಲ್ಲದೆ ಬಿಟ್ಟಳು. ಅದನ್ನು ನಾವು ಅಕ್ಕನ ಕರುಣೆ ಅಂದುಕೊಂಡೆವು.

ಮೂರನೆಯ ವಾರ ನಾನು ಗೆಳೆಯನ ಹೆಂಡತಿಗೆ ಹೇಳಿದೆ, ಬಲದಿಂದ ಆಗುವುದಿಲ್ಲ, ವಿಷ ಅರೆಯಿರಿ ಎಂದು. ಅವಳ ವೈದ್ಯೆ ಕಾಡಿನಿಂದ ಕಪ್ಪು ಬೇರು ತಂದು ರಸ ತೆಗೆದಳು. ಬಾಣದ ತುದಿಗೆ ಹಚ್ಚೋಣ ಎಂದ ಗೆಳೆಯ. ಚರ್ಮ ಸೀಳದ ಬಾಣಕ್ಕೆ ಹಚ್ಚಿ ಏನು ಉಪಯೋಗ, ಹೊಟ್ಟೆಗೇ ಹೋಗಬೇಕು ಎಂದೆ. ಒಂದು ಮಡಕೆ ಅಂಬಲಿ ಕಾಯಿಸಿ, ಅದರಲ್ಲಿ ರಸ ಬೆರೆಸಿ, ನನ್ನ ಬೇಟೆಗಾರ ಒಬ್ಬನೇ ಹೊತ್ತುಕೊಂಡು ಹೋದ.

ಅಕ್ಕ ನನ್ನ ಕಡೆ ತಿರುಗಿದಳು. ಆಮೇಲೆ ರಾಕ್ಷಸಿಯ ದನಿಯಲ್ಲಿ ಮಾತಾಡಿದಳು. ತಮಿಳಿನಲ್ಲಿ ಅಲ್ಲ.

"ಬಾಡಾ ಕಂದಾ. ಉಂಡ್ಯಾ? ಮೊಕ ವಾಡೋಗಿದೆಯಲ್ಲೋ, ಬಿಸ್ಲಾಗ ಬಂದ್ಯಾ?"

ಹಿಂದಿನ ಎರಡು ವಾರವೂ ಅವಳು ಇದೇ ಭಾಷೆಯಲ್ಲಿ ಏನೇನೋ ಕೂಗಿದ್ದಳು. ಗದ್ದಲದಲ್ಲಿ ನಾನು ಕಿವಿಗೊಟ್ಟಿರಲಿಲ್ಲ. ಈಗ ಮಹಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅದು ದೊಡ್ಡಮ್ಮನ ಮಾತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ದಿನವೂ ಕೇಳಿಸಿಕೊಂಡ ಮಾತು, ಅದೇ ಎಳೆತ. ನನಗೆ ಗುರುತು ಸಿಗಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದು. ಸಿಕ್ಕಿತ್ತು.

"ಎನ್ನ ಸೊಲ್ರಾ?" ಏನು ಹೇಳುತ್ತಿದ್ದಾಳೆ ಎಂದು ಗೆಳೆಯ ಕೇಳಿದ.

"ಹಸಿವಾಗಿದೆಯಂತೆ" ಎಂದು ನಾನು ತಮಿಳಿನಲ್ಲಿ ಸುಳ್ಳು ಹೇಳಿದೆ. ಅಕ್ಕನ ಕಡೆ ತಿರುಗಿ, "ಮಡಕೆ ಅವಳ ಮುಂದೆ ಇಡುತ್ತೇನೆ" ಎಂದೆ, ಅದೂ ತಮಿಳಿನಲ್ಲೇ.

"ನಿಂಗೆ?" ಎಂದಳು ರಾಕ್ಷಸಿ. "ನೀ ಒಸಿ ಕುಡೀಡಾ ಮೊದ್ಲು."

"ನಾನು ಆಗಲೇ ಉಂಡೆ ಅನ್ನುತ್ತೇನೆ" ಎಂದೆ.

ಅವಳು ಕುಡಿದಳು. ಸಾಮಾನ್ಯವಾಗಿ ಅಕ್ಕ ದಾಳವನ್ನು ತನ್ನ ಆಟದ ಪುಸ್ತಕದ ಮರೆಯಲ್ಲಿ ಉರುಳಿಸುತ್ತಾಳೆ. ಆ ದಿನ ಎಲ್ಲರ ಕಣ್ಣೆದುರೇ ಉರುಳಿಸಿದಳು. ಹದಿನೈದೋ ಅದಕ್ಕಿಂತ ಹೆಚ್ಚೋ ಬಿದ್ದಿದ್ದರೆ ರಾಕ್ಷಸಿ ವಿಷ ಅರಗಿಸಿಕೊಳ್ಳುತ್ತಿದ್ದಳು. ಬಿದ್ದದ್ದು ನಾಲ್ಕು. ಗೆಳೆಯ ಚಪ್ಪಾಳೆ ತಟ್ಟಿದ. ರಾಕ್ಷಸಿ ಸಾಯುವುದನ್ನು ಅಕ್ಕ ಅವಸರ ಮಾಡದೆ ಹೇಳಿದಳು: ಒನಕೆ ಕೈಜಾರಿತು, ಮಂಡಿಯೂರಿದಳು, ಮಡಕೆ ಒಡೆಯದಂತೆ ಪಕ್ಕಕ್ಕೆ ಸರಿಸಿಟ್ಟಳು, ಮಲಗಿದಳು. ಆಮೇಲೆ ಪುಸ್ತಕ ಮುಚ್ಚಿ, "ಕಾಪಿ ಕಾಸ್ಕೊಂಡು ಬತ್ತೀನಿ" ಎಂದು ಕೆಳಗೆ ಹೋದಳು. ಕಾಫಿ ಬಂತು. ಆಟ ಆ ದಿನಕ್ಕೆ ಅಲ್ಲಿಗೇ ನಿಂತಿತು.

ನಾನು ತೇನಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕ. ಮೂರು ದಿನ ಗಾಜಿನ ಸಾಮಾನು ತೊಳೆಯುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಟ, ಅಷ್ಟೆ. ವಿಷ ಇಡುವುದಕ್ಕೆ ಅದರಲ್ಲಿ ನಿಯಮವೇ ಇದೆ. ತನಗಿಂತ ಬಲಶಾಲಿಯನ್ನು ಇನ್ನು ಹೇಗೆ ಗೆಲ್ಲುವುದು? ಎಲ್ಲವೂ ಸರಿಯಾಗಿತ್ತು. ಆದರೂ ಬುಧವಾರ ಸಂಜೆ ಬಸ್ಸು ಹತ್ತಿ ಚಿನ್ನಮನೂರಿಗೆ ಹೋದೆ.

ಅಕ್ಕ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಕೂತು ನಾಲ್ಕು ಕಾಯಿ ಬಿಡಿಸಿದೆ.

"ಅವಳನ್ನು ದಾಟುವುದಕ್ಕೆ ಬೇರೆ ದಾರಿ ಇತ್ತಾ?" ಎಂದು ಕೇಳಿದೆ.

"ಇತ್ತು."

"ಏನು?"

"ಅವ್ಳ ಮಾತ್ನಾಗ ಯಾರಾನ ಬದ್ಲು ಹೇಳಿದ್ರೆ ಆಗಿತ್ತು. ಒಂದೇ ಒಂದು ಮಾತು. ದಾರಿ ಬಿಟ್ಟು, ಕೂಳೂ ಇಟ್ಟು ಕಳಿಸೋಳು." ಅವಳು ಕಾಯಿಂದ ಕಣ್ಣೆತ್ತಲಿಲ್ಲ. "ಅವ್ರಿಬ್ರಿಗೂ ಅದು ಬರಾಕಿಲ್ಲ. ನಿಂಗೋಸ್ಕರಾನೇ ಮಾಡಿದ್ದು."

ದೊಡ್ಡಮ್ಮ ಮಲಗಿದ್ದ ಎಂಟು ತಿಂಗಳಲ್ಲಿ ನಾನು ನೋಡಲು ಹೋದದ್ದು ಎರಡೇ ಸಲ. ಎರಡನೆಯ ಸಲ ಅವಳಿಗೆ ತಮಿಳು ಮರೆತುಹೋಗಿತ್ತು. ನನ್ನ ಕೈ ಹಿಡಿದು ಏನೇನೋ ಕೇಳಿದಳು, ನಾನು ತಲೆಯಾಡಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಅಕ್ಕನಿಗೆ ಹೇಳಿ ಎದ್ದು ಬಂದೆ. ಅವಳು ಕೇಳಿದ್ದು ಅರ್ಥವಾಗಿತ್ತು. ಮತ್ತೆ ಯಾವಾಗ ಬರುತ್ತೀಯ ಎಂದು ಕೇಳಿದ್ದಳು.

"ಆ ದಾಳ ಬೀಳಲೇ ಇಲ್ಲ ಅಂದುಕೊಳ್ಳೋಣ. ಮತ್ತೆ ಆಡೋಣ" ಎಂದೆ.

"ಅಂಗೆಲ್ಲ ಆಗಾಕಿಲ್ಲ. ಸತ್ತೋರು ಸತ್ತಂಗೆ. ಆಟ ಆದ್ರೂ."

"ತಪ್ಪಾಯ್ತು ಅಕ್ಕ." ಇದನ್ನು ಕನ್ನಡದಲ್ಲಿ ಹೇಳಿದೆ. ನಾಲಗೆ ಬೇರೆ ಯಾರದ್ದೋ ಅನ್ನಿಸಿತು.

ಅಕ್ಕ ಮೊರವನ್ನು ಪಕ್ಕಕ್ಕಿಟ್ಟಳು. ಅತ್ತಳೋ ಏನೋ, ನನ್ನ ಕಡೆ ಬೆನ್ನು ಮಾಡಿ ಒಲೆ ಹಚ್ಚಿದಳು. "ಸರಿ, ವಿಡು. ಉಂಡು ಹೋಗು" ಎಂದಳು.

ಉಂಡೆ.

ಮುಂದಿನ ಭಾನುವಾರ ಗೆಳೆಯನ ಸಿಪಾಯಿ ಕಣಿವೆ ದಾಟಲು ಆತುರಪಟ್ಟ. ನನ್ನ ಬೇಟೆಗಾರ ರಾಕ್ಷಸಿಯನ್ನು ಹೂಳಲು ಗುಂಡಿ ತೋಡುತ್ತಾನೆ ಎಂದೆ ನಾನು. ಹುಣಸೆಮರದಷ್ಟು ಉದ್ದದ ಗುಂಡಿಗೆ ಹತ್ತು ದಿನವಾದರೂ ಬೇಕು ಎಂದ ಗೆಳೆಯ. ಬೇಕಾಗಲಿ ಎಂದೆ. ದಾಳ ಹಾಕಲೇ ಎಂದು ಅಕ್ಕನನ್ನು ಕೇಳಿದರೆ, "ಮಣ್ಣು ತೋಡಾಕೆ ದಾಳ ಯಾತಕ್ಕೆ" ಎಂದಳು. ಗೆಳೆಯನ ಹೆಂಡತಿಗೆ ಏನೂ ತಿಳಿಯದಿದ್ದರೂ, ನಾನೂ ಒಂದು ಕೈ ಹಾಕುತ್ತೇನೆ ಎಂದು ತನ್ನ ವೈದ್ಯೆಯನ್ನು ಕಳಿಸಿದಳು.

ಆಮೇಲೂ ನಾವು ವಿಷ ಬಳಸಿದ್ದುಂಟು. ಜವುಗಿನ ಹೆಬ್ಬಾವೊಂದಕ್ಕೆ ಬಾಣದ ತುದಿಗೆ ಹಚ್ಚಿ ಹೊಡೆದೆ, ಅದು ಸತ್ತಾಗ ಏನೂ ಅನ್ನಿಸಲಿಲ್ಲ. ಊಟಕ್ಕೆ ಮಾತ್ರ ಮತ್ತೆ ಬೆರೆಸಿಲ್ಲ.

ಅಕ್ಕನ ಜೊತೆ ಈಗ ಕನ್ನಡದಲ್ಲಿ ಮಾತಾಡುತ್ತೇನೆ, ಅರ್ಧಕ್ಕರ್ಧ ತಮಿಳು ಬೆರೆಸಿಯೇ. ತಪ್ಪಿದರೆ ತಿದ್ದುತ್ತಾಳೆ, ನಗುವುದಿಲ್ಲ. ಆದರೆ ಅಂದಿನಿಂದ ಅವಳ ಕಥೆಯಲ್ಲಿ ಆ ಭಾಷೆ ಆಡುವವರು ಯಾರೂ ಬಂದಿಲ್ಲ. ಅಂಥ ಒಬ್ಬರನ್ನು ಕಥೆಗೆ ತಾ ಎಂದು ಕೇಳಲು ನನಗೆ ಬಾಯಿ ಬಂದಿಲ್ಲ.