ಇಲ್ಲದ ಯಂತ್ರಗಳ ಊರಿನಲ್ಲಿ

ಮೊದಲ ದಿನವೇ ನಮ್ಮ ಮೇಲಧಿಕಾರಿ ಮಾರ್ಗರೆಟ್ ಕಪಾಟಿನಷ್ಟು ಎತ್ತರದ ಕಂಪ್ಯೂಟರನ್ನು ತೋರಿಸಿ, “ಇದರೊಳಗೆ ಈಗ ಮೂವತ್ತು ಯಂತ್ರಗಳಿವೆ. ಒಂದೂ ನಿಜವಲ್ಲ” ಎಂದರು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಏಳು ವರ್ಷ ಗಣಿತ ಕಲಿಸಿ, ಆ ನೌಕರಿ ಬಿಟ್ಟು, ಅಕ್ಕನ ಬೆನ್ನು ಹತ್ತಿ ಕೆನಡಾದ ಈ ಹಿಮದ ಊರಿಗೆ ಬಂದವಳು ನಾನು. ಒಂದು ವರ್ಷ ಕಂಪ್ಯೂಟರ್ ಕಲಿತೆ. ೧೯೭೫ರ ಚಳಿಗಾಲದಲ್ಲಿ ಸಿಕ್ಕಿದ್ದು ಇಲ್ಲದ ಯಂತ್ರಗಳನ್ನು ದುರಸ್ತಿ ಮಾಡುವ ಕೆಲಸ.

ನಿಮಗೆ ಹೀಗೆ ಹೇಳಿದರೆ ತಿಳಿದೀತು. ನಮ್ಮೂರು ಮನೋಳಿಯಲ್ಲಿ ನಮ್ಮ ಕಾಕಾಗಳಿಗೆ ಒಂದು ಗುಡಿಯ ಪೂಜೆ ಪಾಳಿಯ ಪ್ರಕಾರ ಬರುತ್ತದೆ. ತನ್ನ ಪಾಳಿ ನಡೆದಷ್ಟು ದಿನ ಪ್ರತಿಯೊಬ್ಬ ಕಾಕಾನಿಗೂ ದೇವರು ತನ್ನೊಬ್ಬನವನೇ. ಇಲ್ಲಿ ಪಾಳಿ ಕಣ್ಣು ಮಿಟುಕಿಸುವುದರೊಳಗೆ ಬದಲಾಗುತ್ತದೆ. ಒಂದೇ ಕಂಪ್ಯೂಟರು, ಮುಂದೆ ಕುಳಿತ ಮೂವತ್ತು ಮಂದಿಗೂ ಇಡೀ ಯಂತ್ರ ತನ್ನದೇ ಅನ್ನಿಸುತ್ತದೆ. ಇವರು ಅದಕ್ಕೆ ವರ್ಚುವಲ್ ಮಶೀನ್ ಅನ್ನುತ್ತಾರೆ.

ನಾನು ಬಾಡಿಗೆಗಿರುವ ಕೋಣೆ ಬೇಸ್‌ಮೆಂಟಿನಲ್ಲಿ, ಅಂದರೆ ನೆಲದ ಕೆಳಗೆ. ನಮ್ಮ ಕಡೆ ಹಗೇವು ತೋಡಿ ಜೋಳ ಇಡುತ್ತೇವೆ, ಇಲ್ಲಿ ಮನುಷ್ಯರನ್ನು ಇಡುತ್ತಾರೆ. ಕಿಟಕಿಯ ತುಂಬ ಹಿಮ. ‘ಟೂಕ್’ ಎಂಬ ಉಣ್ಣೆಯ ಟೋಪಿ ಇಲ್ಲದೆ ಹೊರಗೆ ಹೋದರೆ ಕಿವಿಯೇ ಮರಗಟ್ಟುತ್ತದೆ. ಬಿಳಿಜೋಳದ ಹಿಟ್ಟು ಸಿಗದೆ ಗೋವಿನಜೋಳದ್ದನ್ನು ಬಡಿದು ಬಡಿದು, ಮೂರನೆಯ ತಿಂಗಳು ಒಂದು ರೊಟ್ಟಿ ಹರಿಯದೆ ಹಂಚಿಗೆ ಬಿತ್ತು. ಅಂದು ಒಬ್ಬಳೇ ನಕ್ಕೆ. ಉಳಿದಂತೆ ಹೆದರಿಕೆಯೇ. ಆರು ತಿಂಗಳ ಪರೀಕ್ಷಾ ಅವಧಿ, ನೌಕರಿ ಹೋದರೆ ಇಲ್ಲಿರುವ ಪರವಾನಗಿಯೂ ಹೋಗುತ್ತದೆ. ಬಿಟ್ಟು ಬಂದ ಸಾಲೆಯ ಮುಂದೆ ಯಾವ ಮುಖ ಹೊತ್ತು ಹಾದುಹೋಗಲಿ ಎಂದು ದಿನವೂ ಯೋಚಿಸುತ್ತಿದ್ದೆ.

ನನ್ನ ಕೆಲಸ ಇಷ್ಟೇ: ಯಾರದಾದರೂ ಪ್ರೋಗ್ರಾಮು ಕೆಟ್ಟರೆ ಹೊಸದೊಂದು ವರ್ಚುವಲ್ ಮಶೀನ್ ತೆರೆದು, ಅದರಲ್ಲಿ ಆ ಕೆಟ್ಟದ್ದನ್ನೇ ಓಡಿಸಿ ತಪ್ಪು ಹುಡುಕುವುದು. ಐದನೆಯ ತಿಂಗಳು ಈ ಕೆಲಸ ನನ್ನೊಬ್ಬಳ ಕೈಗೆ ಬಂತು, ಅದರ ಬೆನ್ನಿಗೇ ಒಂದು ರೋಗ ಶುರುವಾಯಿತು. ಸೋಮವಾರ ಕುದುರೆಯಂತೆ ಓಡುವ ಕಂಪ್ಯೂಟರು ಗುರುವಾರದ ಹೊತ್ತಿಗೆ ಕುಂಟುತ್ತಿತ್ತು. ಭಾನುವಾರ ಎಲ್ಲ ಆರಿಸಿ ಹಚ್ಚಿದರೆ ಮತ್ತೆ ಸರಿ. ಇಂಜಿನಿಯರುಗಳು ಕಪಾಟು ಬಿಚ್ಚಿದರು, ತಂತಿ ಬದಲಿಸಿದರು. ದೂರುಗಳು ಹೆಚ್ಚಿದಷ್ಟೂ ನಾನು ಇನ್ನಷ್ಟು ಹೊಸ ಮಶೀನ್ ತೆರೆದು ಹುಡುಕಿದೆ.

ಒಂದು ಶುಕ್ರವಾರ ಮಾರ್ಗರೆಟ್, “ಈಗ ಒಳಗೆ ಯಾರ್‍ಯಾರಿದ್ದಾರೆ, ಪಟ್ಟಿ ತೆಗೆದಿಡಿ” ಎಂದು ಹೇಳಿ ಸಭೆಗೆ ಹೋದರು. ಪಟ್ಟಿ ಬಂತು. ಅದರಲ್ಲಿ ಹದಿನಾಲ್ಕು ಮಶೀನ್ ನನ್ನ ಹೆಸರಿನಲ್ಲಿದ್ದವು. ನಾನು ಆ ವಾರ ತೆರೆದ ಒಂದು ಮಶೀನೂ ಮುಚ್ಚಿರಲಿಲ್ಲ. ಮುಂದೆ ಯಾರೂ ಇಲ್ಲದಿದ್ದರೂ ಒಳಗೆ ಕೆಟ್ಟ ಪ್ರೋಗ್ರಾಮುಗಳು ಗಾಣದೆತ್ತಿನಂತೆ ತಿರುಗುತ್ತಲೇ ಇದ್ದವು. ರೋಗ ನಾನೇ ಆಗಿದ್ದೆ. ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾ, ಎಲ್ಲಾ ನಂದ ತಪ್ಪ ಆಗೇದ. ನೌಕರಿ ಹೋಗ್ತದ.”

“ಯಾರರೆ ನೋಡ್ಯಾರೇನು?”

“ಇಲ್ಲ. ಎಲ್ಲಾ ಮುಚ್ಚಿ ಈ ಹಾಳಿ ಹರದ್ರ ಯಾರಿಗೂ ಗೊತ್ತಾಗೂದಿಲ್ಲ.”

“ಹರದ ಒಗಿ ಹಂಗಾರ. ಆದ್ರ ನಾಳಿಂದ ಆ ಇಂಜಿನಿಯರ ಮಂದಿ ಮತ್ತ ಕಪಾಟ ಬಿಚ್ಚಿ ಹುಡುಕತಾರಲ್ಲ, ಅವರ ಮಾರಿ ನೋಡಿಕೋತ ಕೂಡ್ತೀಯೇನ?”

ಹರಿಯಲಿಲ್ಲ. ಸಭೆಯಿಂದ ಮರಳಿದ ಮಾರ್ಗರೆಟ್‌ಗೆ ಪಟ್ಟಿ ಕೊಟ್ಟು ಎಲ್ಲ ಹೇಳಿದೆ. ಅವರು ಅದರ ಮೇಲೆ ಬೆರಳಾಡಿಸಿ ಕೇಳಿದರು: “ಮುಚ್ಚಿ ಹೋಗುವ ಆಜ್ಞೆ, ಹಾಗೇ ಬಿಟ್ಟು ಹೋಗುವ ಆಜ್ಞೆ, ಎರಡೂ ಕೈಪಿಡಿಯ ಒಂದೇ ಪುಟದಲ್ಲಿವೆ. ದಿನವೂ ಎರಡನೆಯದೇ ಯಾಕೆ?”

ಅಲ್ಲಿಯವರೆಗೆ ಅದು ನನಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಹೊಸ್ತಿಲು ದಾಟುವಾಗ ‘ಹೋಗುತ್ತೇನೆ’ ಎಂದರೆ ಅಪಶಕುನ, ‘ಹೋಗಿ ಬರುತ್ತೇನೆ’ ಎನ್ನಬೇಕು. ಎರಡನೆಯ ಆಜ್ಞೆಯ ವಿವರಣೆಯಲ್ಲಿ ‘ಮರಳಿ ಬರಬಹುದು’ ಎಂದಿತ್ತು, ಕೈ ತಾನಾಗಿ ಅದನ್ನೇ ಒತ್ತಿತು ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. “ಸೋಮವಾರ ಹೇಳುತ್ತೇನೆ” ಎಂದರು. ಆ ಎರಡು ದಿನ ಟ್ರಂಕಿನಲ್ಲಿ ಸೀರೆ ಮಡಚಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ.

ಸೋಮವಾರ ಮಾರ್ಗರೆಟ್ ಒಂದು ಕಾಗದ ಕೊಟ್ಟರು. ನೌಕರಿ ಕಾಯಂ ಆಗಿತ್ತು. ತಪ್ಪು ಮಾಡುವವರು ಬಹಳ, ಪಟ್ಟಿ ತಂದು ಕೊಡುವವರು ಕಡಿಮೆ ಎಂದರು.

ಸಂಜೆ ಅಕ್ಕ ಶಿರಾ ಮಾಡಿದಳು. “ಇನ್ನ ಯಾತರ ಹೆದರಿಕಿ? ಇಲ್ಲೇ ಇರ್ತೀಯಲ್ಲ” ಎಂದಳು. ಊರಿಗೆ ಕಳಿಸಿಬಿಡುತ್ತಾರೆಂದು ಆರು ತಿಂಗಳು ನಡುಗಿದ್ದೆ. ಕಳಿಸಿದರೆ ಸಾಕೆಂಬ ಆಸೆಯೂ ಅದರ ಅಡಿಯಲ್ಲೇ ಇತ್ತೆಂದು ಆ ಕಾಗದ ಕೈಗೆ ಬಂದ ಮೇಲೆ ತಿಳಿಯಿತು. ಇನ್ನು ನನ್ನನ್ನು ಯಾರೂ ಕಳಿಸುವುದಿಲ್ಲ. ಊರಿಗೆ ಬರುವುದಾದರೆ ನಾನೇ ಹೊರಡಬೇಕು, ಹೊರಡುತ್ತೇನೆಂಬ ನಂಬಿಕೆ ನನಗಿಲ್ಲ.