ಹಡಗು ಹತ್ತಲು ಅಪ್ಪನ ಸಹಿ

ವಡೋದರಾದ ಮಂಜಲ್‌ಪುರದಲ್ಲಿರುವ ಕಾಮಾಕ್ಷಿ ಅರ್ಜಿಯಲ್ಲಿ ಯಾವ ಜಾಗವನ್ನೂ ಖಾಲಿ ಬಿಡುವುದಿಲ್ಲ. ತುಂಬಲು ಏನೂ ಇಲ್ಲದಿದ್ದರೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾರೆ, ಆಮೇಲೆ ಯಾರೂ ಅಲ್ಲಿ ಏನನ್ನೂ ಸೇರಿಸಬಾರದೆಂದು. ಹಾಸನದಿಂದ ವರ್ಗವಾಗಿ ಬಂದು ಇಲ್ಲೇ ಉಳಿದ ಅವರಿಗೆ ವಿಮಾ ಕಚೇರಿ ಕಲಿಸಿದ ಅಭ್ಯಾಸವಿದು.

ಈ ಬೇಸಿಗೆಯಲ್ಲಿ ಕಚೇರಿಯವರ ಕುಟುಂಬಗಳು ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೊರಡಲಿದ್ದವು. ಕಾಮಾಕ್ಷಿ ತಂಗಿಯ ಮಗಳು ಮನಸ್ವಿನಿಯ ಹೆಸರನ್ನೂ ಕೊಟ್ಟರು. ತಂದೆತಾಯಿ ಜೊತೆಗಿಲ್ಲದ ಮಕ್ಕಳಿಗೆ ಒಪ್ಪಿಗೆ ಪತ್ರ ಬೇಕು, ಅದಕ್ಕೆ ನೋಟರಿ ಮುದ್ರೆಯೂ ಇರಬೇಕು ಎಂದು ಹಡಗಿನ ಕಂಪನಿ ತಿಳಿಸಿತು. ತಾಯಿಯ ಜಾಗದಲ್ಲಿ ಕಾಮಾಕ್ಷಿ 'ದಿವಂಗತ' ಎಂದು ಬರೆದರು. ತಂದೆಯ ಸಹಿಯ ಜಾಗದಲ್ಲಿ ಗೆರೆ ಎಳೆದರು.

ನೋಟರಿ ಅಜಯ್‌ಭಾಯಿ ಕನ್ನಡಕ ಸರಿಪಡಿಸಿಕೊಂಡು ಗುಜರಾತಿಯಲ್ಲಿ ಕೇಳಿದರು: "ಕಾಮಾಕ್ಷಿಬೆನ್, ಹುಡುಗಿಯ ಅಪ್ಪನೂ ತೀರಿಕೊಂಡರಾ?"

"ಇಲ್ಲ, ಸೂರತ್‌ನಲ್ಲಿದ್ದಾರೆ."

"ಮತ್ತೆ ಬದುಕಿರುವವರ ಮೇಲೆ ಗೆರೆ ಎಳೆದಿದ್ದೀರಲ್ಲ!"

ಮನೆಯಲ್ಲಿ ಗಂಡ ಬಾಲಕೃಷ್ಣ ನಕ್ಕುಬಿಟ್ಟರು. "ಊರಿನವರಿಗೆಲ್ಲ ಫಾರಂ ತುಂಬಿಸ್ಕೊಟ್ಟೋಳು ನೀನು. ನಿಂದೇ ವಾಪಸ್ ಬಂತಾ?"

ಕಾಮಾಕ್ಷಿಗೆ ನಗು ಬರಲಿಲ್ಲ. ತಂಗಿ ಶಾಂತಾ ತೀರಿಕೊಂಡಾಗ ಮನಸ್ವಿನಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಪ್ಪ ಅನಿಲ್‌ಗೆ ಸೂರತ್ ಬಳಿಯ ಹಜೀರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಸ್ವಲ್ಪ ದಿನದ ಮಟ್ಟಿಗೆಂದು ಕರೆತಂದ ಮಗು ಇಲ್ಲೇ ಬೆಳೆಯಿತು. ಅನಿಲ್ ಮತ್ತೆ ಮದುವೆಯಾದರು, ಹಬ್ಬಕ್ಕೆ ಬಟ್ಟೆ ಕಳಿಸುತ್ತಾರೆ. ಮಗು ಯಾರ ಬಳಿ ಇರಬೇಕೆಂದು ಎರಡೂ ಮನೆಯವರು ಎಂದೂ ಮಾತಾಡಿಕೊಂಡಿಲ್ಲ, ಯಾವ ಕಾಗದವನ್ನೂ ಮಾಡಿಸಿಲ್ಲ. ಈಗ ಸಹಿ ಕೇಳಲು ಹೋದರೆ ಆ ಮಾತು ಎದ್ದೇಳುತ್ತದೆ. ಅನಿಲ್ 'ಮಗಳನ್ನು ಇಲ್ಲೇ ಬಿಟ್ಟು ಹೋಗಿ' ಎಂದರೆ, ಇಲ್ಲ ಎನ್ನಲು ತಮಗೆ ಆಧಾರವಿಲ್ಲ. ಈ ಭಯಕ್ಕೆ ಪ್ರವಾಸವನ್ನೇ ಬಿಡಲೂ ಕಾಮಾಕ್ಷಿ ಯೋಚಿಸಿದರು. ಆದರೆ ಮನಸ್ವಿನಿ ಆಗಲೇ ಈಜುವ ಬಟ್ಟೆ ಕೊಂಡಿದ್ದಳು.

ಭಾನುವಾರ ಕಾಮಾಕ್ಷಿ, ಮನಸ್ವಿನಿ ಇಬ್ಬರೂ ಹೊಸ ಪತ್ರದೊಂದಿಗೆ ಸೂರತ್ ರೈಲು ಹತ್ತಿದರು.

ಕಂಪನಿ ಕಾಲೊನಿಯ ಮನೆಯಲ್ಲಿ ಅನಿಲ್ ಪತ್ರವನ್ನು ನಿಧಾನವಾಗಿ ಓದಿದರು. ಅವರ ಹೆಂಡತಿ ಚೈತ್ರಾ ಚಹಾ ತಂದಿಟ್ಟರು. ಕಾಮಾಕ್ಷಿಯ ಲೋಟ ಹಾಗೆಯೇ ಉಳಿಯಿತು. ಊಟದ ಹೊತ್ತಿಗಿಂತ ಮುಂಚೆ ಹೊರಟುಬಿಡಬೇಕೆಂದು ಅವರು ವಾಪಸ್ ಟಿಕೆಟನ್ನು ಮೊದಲೇ ತೆಗೆದಿಟ್ಟಿದ್ದರು.

"ಇವಳಿಗೆ ನೀರು ಅಂದ್ರೆ ಭಯ ಇತ್ತಲ್ಲಕ್ಕ?" ಎಂದರು ಅನಿಲ್.

"ಅದೆಲ್ಲ ಹೋಗಿ ಎಷ್ಟೋ ಕಾಲ ಆಯ್ತು. ಸ್ಕೂಲಲ್ಲಿ ಈಜಿಗೆ ಮೆಡಲ್ ಬಂದಿದೆ."

"ನಂಗೆ ಯಾರೂ ಹೇಳ್ಲೇ ಇಲ್ಲ."

"ನೀವೂ ಕೇಳ್ಲಿಲ್ಲ, ಅನಿಲ್."

ಅನಿಲ್ ಸಹಿ ಹಾಕಿ, ಗುರುತಿನ ಚೀಟಿಯ ನಕಲನ್ನು ಪತ್ರದ ಮೇಲಿಟ್ಟು ಮುಂದಕ್ಕೆ ಸರಿಸಿದರು. ಕಾಮಾಕ್ಷಿ ಅದನ್ನು ತೆಗೆದುಕೊಳ್ಳುವಷ್ಟರಲ್ಲಿ ಅನಿಲ್ ಕೇಳಿದರು: "ಅಕ್ಕ, ಮುಂದಿನ ವರ್ಷ ನಾನು ಎಲ್ಲಿಗಾದ್ರೂ ಕರ್ಕೊಂಡು ಹೋದ್ರೆ? ಆಗ ನಿಮ್ಮ ಸಹಿ ಬೇಕಾಗತ್ತಾ?"

ಅದರಲ್ಲಿ ಕುಹಕವಿರಲಿಲ್ಲ. ನಿಯಮ ತಿಳಿಯದೆ ಕೇಳಿದ್ದರು. ವಿಮೆಯ ನಿಯಮಗಳನ್ನು ಜನರಿಗೆ ವಿವರಿಸಿಯೇ ನೌಕರಿ ಮಾಡಿದ ಕಾಮಾಕ್ಷಿ ಸುಳ್ಳು ಹೇಳಲಾರದೆ ಹೋದರು.

"ಬೇಕಾಗಲ್ಲ. ನೀವು ಅಪ್ಪ."

ಮೊಬೈಲ್ ನೋಡುತ್ತಿದ್ದ ಮನಸ್ವಿನಿ ತಲೆಯೆತ್ತಿದಳು. "ಪಪ್ಪಾ, ಲೇಕಿನ್ ಮುಝ್‌ಸೆ ತೋ ಪೂಛ್ನಾ ಪಡೇಗಾ ನಾ?" ಎಂದು ಹಿಂದಿಯಲ್ಲಿ ಕೇಳಿದವಳು, ದೊಡ್ಡಮ್ಮನ ಮುಖ ನೋಡಿ ಕನ್ನಡಕ್ಕೆ ಹೊರಳಿದಳು. "ನನ್ನನ್ನ ಕೇಳ್ಬೇಕು. ಇಬ್ರೂನೂ."

ಚೈತ್ರಾ ನಕ್ಕರು. "ಸರಿಯಾಗಿ ಹೇಳಿದ್ಲು ನೋಡಿ!"

ಅನಿಲ್ ಮಗಳನ್ನೇ ನೋಡುತ್ತಾ ತಲೆಯಾಡಿಸಿದರು.

"ಸಾರು ಕುದೀತಾ ಇದೆ. ಊಟ ಮಾಡ್ಕೊಂಡೇ ಹೋಗಿ, ಅಕ್ಕ" ಎಂದರು ಚೈತ್ರಾ.

ರೈಲಿನ ಹೊತ್ತಾಗಿದೆ ಎನ್ನಲು ಕಾಮಾಕ್ಷಿ ಬಾಯಿ ತೆರೆದಿದ್ದರು. ತಡೆದು, ಮನಸ್ವಿನಿಯ ಕಡೆ ತಿರುಗಿದರು.

"ಏನ್ ಮಾಡೋಣ ಮನು, ಇರೋಣ್ವಾ?"

"ಇರೋಣ ದೊಡ್ಡಮ್ಮ."

ಕಾಮಾಕ್ಷಿ ಮೊಬೈಲ್ ತೆಗೆದು, ಸಂಜೆಯ ರೈಲಿನಲ್ಲಿ ಜಾಗವಿದೆಯೇ ಎಂದು ಹುಡುಕತೊಡಗಿದರು.